ಅವನ ಒಂದು ವಾರದ ರಜೆ

ಆಗ ನಾನು ಕಾನಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಗ್ರಾಮಸೇವಕ. ಮಳೆಗಾಲ ಮುಗಿದ ಮೇಲೆ ಹೊಳೆಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ನೀರು ನಿಲ್ಲಿಸುವ ಒಡ್ಡಿಗೆ ಪ್ರತಿವರ್ಷ ಮೊದಲ ಕಲ್ಲು ನಾನೇ ಇಡಬೇಕು. ನಾನು ಹೋಗದೆ ಯಾರೂ ನೀರಿಗಿಳಿಯುತ್ತಿರಲಿಲ್ಲ. ಒಂದು ದಿನವೂ ರಜೆ ಹಾಕದವನು ಎಂದು ಜಂಬ ಕೊಚ್ಚುತ್ತಿದ್ದೆ.

ನನ್ನ ಜೊತೆಗೇ ತರಬೇತಿ ಪಡೆದವನೊಬ್ಬ ನಿಲ್ಕುಂದದ ಕಡೆ ಗ್ರಾಮಸೇವಕನಾಗಿದ್ದ. ನಾಲ್ಕು ಮಾತು ನೆಟ್ಟಗೆ ಆಡಲು ಬಾರದವನು. ಆದರೂ ಅವನ ಹಳ್ಳಿಯ ಒಡ್ಡು ಪ್ರತಿ ಸಲ ಮೊದಲು ಮುಗಿಯುತ್ತಿತ್ತು. ಸಿದ್ದಾಪುರದ ಮೀಟಿಂಗಿನಲ್ಲಿ ಸಾಹೇಬರು ಅವನನ್ನು ಹೊಗಳಿದರೆ ನನಗೆ ಊಟ ಸೇರುತ್ತಿರಲಿಲ್ಲ. ಏನೋ ಮೋಸ ಇರಬೇಕು ಎಂದು ಒಂದು ವರ್ಷ, ನಮ್ಮ ಒಡ್ಡು ಶುರುವಾಗಬೇಕಾದ ದಿನವೇ ಬೆಳಿಗ್ಗೆ ಸೈಕಲ್ ತುಳಿದುಕೊಂಡು ನೋಡಲು ಹೋದೆ.

ಒಡ್ಡಿನ ಕೆಲಸ ಭರದಿಂದ ನಡೆದಿತ್ತು. ಅವನು ಮಾತ್ರ ಕಾಣಲಿಲ್ಲ. ಸೊಪ್ಪಿನ ಹೊರೆ ಹೊತ್ತು ಬಂದ ಮುದುಕಿಯೊಬ್ಬಳನ್ನು ಕೇಳಿದೆ.

"ಅವ್ರು ರಜೆ ಹಾಕಿ ಊರಿಗೆ ಹೋಗಿ ವಾರ ಆತು" ಎಂದಳು.

"ಅವರಿಲ್ಲದೆ ಶುರು ಮಾಡಿದಿರಾ?"

"ಒಡ್ಡು ನಮ್ದು. ಅವ್ರು ಎಂತಕ್ಕೆ?" ಎಂದು ಆಕೆ ಹೊಳೆಗಿಳಿದಳು.

ತಿರುಗಿ ಬರುವಾಗ ಮಧ್ಯಾಹ್ನ ದಾಟಿತ್ತು. ನನ್ನ ಹಳ್ಳಿಯವರು ಹಾರೆ, ಬುಟ್ಟಿ ಬದಿಗಿಟ್ಟು ಹೊಳೆದಂಡೆಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ನನಗಾಗಿ ಕಾದು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು, ಮೊದಲ ಕಲ್ಲನ್ನು ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು. ಅದನ್ನು ಹಿಡಿದು ನಿಂತಾಗ ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅವನ ಆ ಒಂದು ವಾರದ ರಜೆಗೆ.