ಕೂದಲಿಗೆ ಬಂದ ಡಬರಿ

ನಿನ್ನೆ ಮೊಮ್ಮಗಳ ತಲೆ ಬಾಚುವಾಗ ನನ್ನ ಕೈ ನಿಂತೇ ಹೋಯಿತು. ಹಣೆಯಂಚಿಗೆಲ್ಲ ಸಣ್ಣ ಸಣ್ಣ ಹೊಸ ಕೂದಲು. ಎಣ್ಣೆ ಹಚ್ಚಿ ಒತ್ತಿದರೂ ಎದ್ದು ನಿಲ್ಲುತ್ತವೆ. ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಅತ್ತುಬಿಟ್ಟೆ.

"ಖುಷಿಗೂ ಅಳ್ತೀಯ, ದುಃಖಕ್ಕೂ ಅಳ್ತೀಯ. ನಿನ್ನ ಕಣ್ಣಿಗೆ ಬೇರೆ ಕೆಲ್ಸ ಇಲ್ವೇನಜ್ಜಿ?" ಅಂದಳು.

ಮಗ, ಸೊಸೆ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬಯಲಲ್ಲೇ ಇರುತ್ತಾರೆ. ಯಲ್ಲದಕೆರೆಯ ಆಚೆ ನಮ್ಮ ಹಟ್ಟಿಯ ಮನೆಯಲ್ಲಿ ನಾನು, ಇವಳು ಇಬ್ಬರೇ. ಇವಳು ಬೆಳಿಗ್ಗೆ ಬಸ್ಸಿಗೆ ಹಿರಿಯೂರಿನ ಕಾಲೇಜಿಗೆ ಹೋಗುತ್ತಾಳೆ. ಭಾನುವಾರ ಮಾತ್ರ ಅವಳ ತಲೆ ನನ್ನದು. ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಕುರಿರೊಪ್ಪದ ಗೋಡೆಯ ಸಂದಿಗೆ ಸಿಕ್ಕಿಸುತ್ತೇನೆ. ನಮ್ಮತ್ತೆಯೂ ಹಾಗೇ ಮಾಡುತ್ತಿದ್ದಳು. ಕೂದಲಿಗೆ ಪಾತ್ರೆ ಕೊಡುವವನು ಬೈಕಿನಲ್ಲಿ ಬಂದಾಗ ಆ ಉಂಡೆಗಳನ್ನು ಕೊಟ್ಟು ಪಿನ್ನೋ ಲೋಟವೋ ತೆಗೆದುಕೊಳ್ಳುವುದು.

ಹೋದ ಬೇಸಿಗೆಯಲ್ಲಿ ಅವನು ಬಂದಾಗ ಸಂದಿಗಳೆಲ್ಲ ತುಂಬಿದ್ದವು. ತಕ್ಕಡಿಗೆ ಹಾಕಿ, "ಅಜ್ಜಿ, ಈ ಸಲ ಲೋಟ ಅಲ್ಲ, ಡಬರಿನೇ ತಗಳ್ರಿ" ಅಂದ. ನಾನು ಹಿಗ್ಗಿ ಹೋದೆ.

"ಮುಚ್ಚಳ ಎಲ್ಲೈತಪ್ಪ? ಬರೀ ಡಬರಿ ತಗಂಡು ನಿನ್ನ ತಲೆಗೆ ಮುಚ್ಚಾನ?" ಎಂದು ಜಗಳವಾಡಿ ಮುಚ್ಚಳವನ್ನೂ ಕಿತ್ತುಕೊಂಡೆ.

ಅದನ್ನು ತೊಳೆಯುತ್ತಿದ್ದಾಗ ತಟ್ಟನೆ ಹೊಳೆಯಿತು. ನನ್ನ ಕೂದಲು ಬೆಳ್ಳಗೆ. ತಕ್ಕಡಿಯಲ್ಲಿದ್ದದ್ದು ಪೂರಾ ಕರ್ರಗೆ.

ಸಂಜೆ ಬಸ್ಸಿಳಿದು ಬಂದವಳನ್ನು ಬೆಳಕಿಗೆ ಕೂರಿಸಿದೆ. ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿತ್ತು. ವಾರವಾರ ಬಾಚಿದವಳು ನಾನೇ. ಬೋರಿನ ನೀರು ಗಡಸು ಅಂದುಕೊಂಡು ಎಣ್ಣೆ ಸುರಿಯುತ್ತಿದ್ದೆ. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು.

"ಏನಾಗೈತೆ ಹೇಳವ್ವ."

"ತಿಂಗಳದ್ದು ನಿಲ್ಲೋದೇ ಇಲ್ಲ ಅಜ್ಜಿ. ವಾರ ದಾಟಿದ್ರೂ ಹೋಗ್ತಾನೇ ಇರ್ತೈತೆ."

ನಮ್ಮ ಹಟ್ಟಿಯಲ್ಲಿ ಹೊರಗಾದವರು ಹೊಸ್ತಿಲು ತುಳಿಯುವಂತಿಲ್ಲ. ಹುಣಸೆಮರದ ಪಕ್ಕದ ಕೋಣೆಯಲ್ಲಿದ್ದು, ನಿಂತ ಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು.

"ಮತ್ತೆ ಮೂರು ದಿನಕ್ಕೇ ಒಳಗೆ ಬರ್ತಿದ್ದೆಲ್ಲ?"

"ನಿಂತಿಲ್ಲ ಅಂದ್ರೆ ನೀನು ಅಲ್ಲೇ ಇರು ಅಂತಿದ್ದೆ. ಒಬ್ಳೇ ಮಲಗಾಕೆ ಭಯ ಆಗೋದು. ಅದಕ್ಕೇ ಮುಗೀತು ಅಂತಿದ್ದೆ."

ಅಂದರೆ ಈ ಮಗು ನನ್ನ ಪಕ್ಕದಲ್ಲಿ ಮಲಗುವುದಕ್ಕೋಸ್ಕರ ಸುಳ್ಳು ಹೇಳಿಕೊಂಡು, ನೋವು ನುಂಗಿಕೊಂಡು ಓಡಾಡಿತ್ತು.

ಹಿರಿಯೂರಿನ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಎಣ್ಣೆ ಸಾಲದೆ ಅಲ್ಲ ಅಜ್ಜಿ. ತಿಂಗಳು ತಿಂಗಳು ಇಷ್ಟು ರಕ್ತ ಹೋದ್ರೆ ಮೈಯಲ್ಲಿ ಕಬ್ಬಿಣದಂಶ ಇಳಿತೈತೆ, ಅದಕ್ಕೇ ಕೂದ್ಲು ಉದುರೋದು. ಎಲ್ರಿಗೂ ಕೂದ್ಲು ಉದುರಾಕೆ ಇದೇ ಕಾರಣ ಅಲ್ಲ. ಇವಳಿಗೆ ಇದೇ." ರಕ್ತಸ್ರಾವಕ್ಕೆ ಔಷಧಿ, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಕೂದಲು ಬರಲು ತಿಂಗಳುಗಳೇ ಬೇಕು ಅಂದರು.

ಮುಂದಿನ ತಿಂಗಳು ಅವಳು ಚಾಪೆ ಸುತ್ತಿಕೊಂಡು ಆ ಕೋಣೆಗೆ ಹೊರಟಾಗ ನಾನು ಕಿತ್ತುಕೊಂಡು ನನ್ನ ಚಾಪೆಯ ಪಕ್ಕ ಹಾಸಿದೆ. ಪಕ್ಕದ ಮನೆಯವಳು ಅಂಗಳದಿಂದಲೇ, "ಏನಕ್ಕ, ದೇವ್ರ ಭಯ ಬಿಟ್ಟೆಯೇನು?" ಎಂದು ಚುಚ್ಚಿದಳು.

"ದೇವ್ರು ಕೇಳಿದ್ರೆ ನಾನು ಮಾತಾಡ್ತೀನಿ. ನೀನು ಹಿಟ್ಟು ತಿರುವು ಹೋಗು" ಅಂದೆ. ಮಾತು ಜೋರಾಗಿತ್ತು, ಒಳಗೆ ಬಂದು ಮಾತ್ರ ದೇವರ ಪಟಕ್ಕೆ ಎರಡು ಸಲ ಕೈ ಮುಗಿದೆ.

ಇವತ್ತು ಪಾತ್ರೆಯವನು ಮತ್ತೆ ಬಂದ. "ಕೂದ್ಲು ಏನೂ ಇಲ್ಲ ಹೋಗಪ್ಪ!" ಎಂದು ಹಟ್ಟಿಗೆಲ್ಲ ಕೇಳುವಂತೆ ಕೂಗಿದೆ. ಆಮೇಲೆ ಅವನನ್ನು ತಡೆದು, ಅಟ್ಟದಲ್ಲಿ ಬೋರಲು ಹಾಕಿದ್ದ ಡಬರಿ ತಂದು ಮುಂದಿಟ್ಟೆ. ಅದರಲ್ಲಿ ಒಂದು ದಿನವೂ ಹಾಲು ಕಾಯಿಸಲು ನನಗೆ ಆಗಿರಲಿಲ್ಲ.

"ಯಾಕಜ್ಜಿ, ತೂತು ಬಿದ್ದೈತಾ?"

ಮುಚ್ಚಳದ ಸಮೇತ ಅವನ ಬೈಕಿಗೆ ಕಟ್ಟಿ ಕಳಿಸಿದೆ.