ಷಡ್ಡಕನ ಅಕ್ಕಿಯಲ್ಲಿ ಹನ್ನೊಂದು ಕರಿ ಕಾಳು

ಪ್ರತಿವರ್ಷ ಯುಗಾದಿಗೆ ವಾರ ಮುಂಚೆ ಸಿಂಧನೂರಿನಿಂದ ನಮ್ಮ ಮನೆಗೆ ಒಂದು ಚೀಲ ಹಳೇ ಸೋನಾ ಮಸೂರಿ ಅಕ್ಕಿ ಬರುತ್ತದೆ. ಕಳಿಸುವವನು ಅಮರಗುಂಡಪ್ಪ, ನನ್ನ ಷಡ್ಡಕ. ಆತನ ಹೆಂಡತಿ ರೂಪಾ ನನ್ನ ಹೆಂಡತಿ ಅಮರೇಶ್ವರಿಯ ಅಕ್ಕ. ಚೀಲ ಬಂದ ದಿನ ನಾನು ಲಿಂಗಸುಗೂರಿನ ನನ್ನ ಪಂಪ್ ಸಾಮಾನಿನ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಮನೆಗೆ ಬರುತ್ತೇನೆ. ಮೊರದ ತುಂಬ ಅಕ್ಕಿ ಸುರಿದುಕೊಂಡು ಕಟ್ಟೆಯ ಮೇಲೆ ಬಿಸಿಲಿಗೆ ಕೂಡುತ್ತೇನೆ. ಪಾಪ, ಹೆಂಡತಿಗೆ ಅಕ್ಕಿ ಆರಿಸಿಕೊಡುತ್ತಾನೆ ಎಂದು ಓಣಿಯವರು ತಿಳಿದಿದ್ದಾರೆ. ನಾನು ಹುಡುಕುವುದು ಒಂದೇ ಒಂದು ಕರಿ ಕಾಳು. ಹದಿನಾಲ್ಕು ವರ್ಷ ಹುಡುಕಿದೆ, ಸಿಗಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವರು ಅಂತ ಬೈಯುತ್ತಾರಲ್ಲ, ಆ ಜಾತಿಯವನು ನಾನು. ನನಗೆ ಅಮರಗುಂಡಪ್ಪನ ಮೇಲೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದ ಹಾಗೆ ಬೀಗುವುದು ಬೇಡ.

ಆತ ಹುಟ್ಟಿದ್ದು ಕಾಲುವೆ ಕೆಳಗಿನ ವಳಕಮದಿನ್ನಿಯಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ನಾನು ಬಿ.ಕಾಂ. ಈ ವಿಷಯವನ್ನು ನಾನು ಮಸ್ಕಿಯಲ್ಲಿ ಅತ್ತೆ ಕಸ್ತೂರೆಮ್ಮನ ಮನೆಗೆ ಹೋದಾಗಲೆಲ್ಲ ಯಾವುದಾದರೂ ನೆಪದಲ್ಲಿ ಎತ್ತುತ್ತಿದ್ದೆ. ಮಸ್ಕಿ ನಮ್ಮಿಬ್ಬರ ಊರಿಗೂ ನಡುವೆ ಇದೆ, ಹಬ್ಬಕ್ಕೆ ಇಬ್ಬರು ಅಳಿಯಂದಿರೂ ಅಲ್ಲೇ ಸೇರುವುದು. ಅತ್ತೆ ಬಿ.ಕಾಂ.ಗೆ ಒಂದು ಲೋಟ ಚಹಾ ಕೊಡುತ್ತಿದ್ದರು, ಎಸ್ಸೆಸ್ಸೆಲ್ಸಿಗೆ ಚಹಾದ ಜೊತೆ ತಟ್ಟೆ ತುಂಬ ಮಂಡಾಳ ಒಗ್ಗರಣೆಯನ್ನೂ ಕೊಡುತ್ತಿದ್ದರು. ನಾನು ಇಂಥದ್ದನ್ನೆಲ್ಲ ಮರೆಯುವವನಲ್ಲ.

ಅಮರಗುಂಡಪ್ಪನ ಕೆಲಸ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಸಾರ್ಟರ್ ಯಂತ್ರ ನೋಡಿಕೊಳ್ಳುವುದು. ಅಕ್ಕಿ ಮೇಲಿನಿಂದ ಧಾರೆಯಾಗಿ ಬೀಳುತ್ತಿರುತ್ತದೆ. ಯಂತ್ರದ ಕ್ಯಾಮೆರಾ ಒಂದೊಂದೇ ಕಾಳು ನೋಡಿ, ಕಪ್ಪಗಿದ್ದದ್ದನ್ನು ಫುಸ್ಸೆಂದು ಗಾಳಿ ಊದಿ ಆಚೆ ತಳ್ಳುತ್ತದೆ. ಯಾವುದು ಕರಿ, ಯಾವುದು ಬಿಳಿ ಎಂದು ರೆಪ್ಪೆ ಮಿಟುಕಿಸುವುದರೊಳಗೆ ತೀರ್ಮಾನಿಸುವುದು ಯಂತ್ರದ ಹೊಟ್ಟೆಯಲ್ಲಿರುವ ಉಗುರಿನಗಲದ ಒಂದು ಚಿಪ್. ಹಮಾಲಿಗೆಂದು ಗಿರಣಿ ಸೇರಿದ ಅಮರಗುಂಡಪ್ಪ, ರಿಪೇರಿಗೆ ಬಂದ ಎಂಜಿನಿಯರುಗಳ ಹಿಂದೆ ಟಾರ್ಚ್ ಹಿಡಿದು ನಿಂತು ನಿಂತೇ ಅದನ್ನು ಕಲಿತ. ಈಗ ಹನ್ನೆರಡು ಗಿರಣಿಯವರು ಆತನನ್ನು ಕರೆಯುತ್ತಾರೆ. ಯಂತ್ರದ ಬಳಿ ಹೋಗಿ ಮೊದಲು ಅದನ್ನು ಮುಟ್ಟುವುದಿಲ್ಲ. ಬಿದ್ದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಉಫ್ ಎಂದು ಊದಿ, ಸ್ವಲ್ಪ ಹೊತ್ತು ನೋಡಿ, ಯಾವ ಭಾಗ ಕೆಟ್ಟಿದೆ ಎಂದು ಹೇಳುತ್ತಾನೆ. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆತ ಹೇಳಿದ್ದು ಒಂದು ಸಲವಾದರೂ ತಪ್ಪಾಗಲಿ ಎಂದು ಹಾರೈಸಿದ್ದೇನೆ.

ಏಳೆಂಟು ವರ್ಷದ ಹಿಂದೆ ಗಿರಣಿಗಳಿಗೆ ಹೊಸ ಸಾರ್ಟರ್‌ಗಳು ಬಂದವು. ಅವುಗಳ ಚಿಪ್ ಮಾಡಿದ್ದು ನೇತ್ರಕಣ ಎಂಬ ಕಂಪನಿ. ಹೊಟ್ಟಿನ ಧೂಳು, ಇಲಿ, ಹೋಗಿ ಬರುವ ಕರೆಂಟು, ಎಲ್ಲವನ್ನೂ ತಾಳಿಕೊಂಡು ಎರಡು ವರ್ಷ ಒಂದು ಬೋರ್ಡೂ ಕೆಡಲಿಲ್ಲ. ಅಮರಗುಂಡಪ್ಪ ಆ ಕಂಪನಿಯ ಶೇರು ತೆಗೆದುಕೊಂಡ. ಆತನ ತರ್ಕ ಇಷ್ಟೇ: ಸಿಂಧನೂರಿನ ಗಿರಣಿಯಲ್ಲಿ ಬದುಕಿದ್ದು ಎಲ್ಲಿ ಬೇಕಾದರೂ ಬದುಕುತ್ತದೆ. ನಾನು ಅತ್ತೆಯ ಮನೆಯಲ್ಲಿ ಎಲ್ಲರೆದುರು ನಕ್ಕೆ. ಮೂರು ವರ್ಷದಲ್ಲಿ ಆ ಶೇರು ಒಂಬತ್ತು ಪಟ್ಟು ಏರಿತು.

ಆತ ಮನೆಗೆ ಮೇಲುಮಹಡಿ ಹಾಕಿಸಿದ. ರೂಪಾಳ ಕೈಗೆ ನಾಲ್ಕು ಬಳೆ ಬಂದವು. ಅಮರೇಶ್ವರಿ ಒಂದು ದಿನವೂ ನನ್ನೆದುರು ಆ ಬಳೆಗಳ ಮಾತೆತ್ತಲಿಲ್ಲ, ಎತ್ತದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಕೊನೆಗೆ ತಡೆಯಲಾರದೆ ನಾನೂ ನೇತ್ರಕಣದ ಶೇರು ಕೊಂಡೆ, ಏರಿದ ದರಕ್ಕೆ, ಯಾರಿಗೂ ಹೇಳದೆ. ನಕ್ಕವನು ಈಗ ಹಿಂದೆ ಬಂದ ಎಂದು ಗೊತ್ತಾದರೆ ಮುಖ ಎಲ್ಲಿಡುವುದು?

ಅದರ ಮರುವರ್ಷದ ಚೀಲದಲ್ಲಿ ನನಗೆ ಕರಿ ಕಾಳು ಸಿಕ್ಕಿತು. ಒಂದಲ್ಲ, ಒಂದೇ ಮೊರದಲ್ಲಿ ಹನ್ನೊಂದು. ಸುಳ್ಳೇಕೆ ಹೇಳಲಿ, ನನ್ನ ಮಗಳು ಅಮೂಲ್ಯಾ ಹುಟ್ಟಿದ ದಿನ ಬಿಟ್ಟರೆ ನಾನು ಅಷ್ಟು ಹಿಗ್ಗಿದ್ದು ಅಂದೇ. ಹನ್ನೊಂದನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡೆ. ಯುಗಾದಿಗೆ ಮಸ್ಕಿಗೆ ಹೋದಾಗ, ಎಲ್ಲರೂ ಬೇವು ತಿಂದು ಕೂತಿದ್ದಾಗ, ಪೊಟ್ಟಣ ಬಿಚ್ಚಿ ಅತ್ತೆಯ ಮುಂದೆ ಇಟ್ಟೆ.

"ಏನ್ರೀ ಇದು, ಜೀರಗಿ ಏನು?" ಎಂದರು ಅತ್ತೆ.

"ನಿಮ್ಮ ಹಿರೇ ಅಳಿಯ ಆರಿಸಿದ ಅಕ್ಕಿಯೊಳಗಿನವು. ವಯಸ್ಸಾತು, ಕಣ್ಣು ಮಂಜಾಗ್ಯಾವೇನೋ," ಎಂದೆ.

ಅಮರಗುಂಡಪ್ಪ ಪೊಟ್ಟಣ ತೆಗೆದುಕೊಂಡು ಕಾಳುಗಳನ್ನು ಅಂಗೈಗೆ ಹಾಕಿಕೊಂಡ. ನಾಚಲಿಲ್ಲ, ಸಿಟ್ಟಾಗಲಿಲ್ಲ. ಎದ್ದು ಹೋಗಿ ತನ್ನ ಚೀಲದಿಂದ ಟವೆಲಿನಲ್ಲಿ ಸುತ್ತಿದ ಒಂದು ಬೋರ್ಡನ್ನು ತಂದು ನನ್ನ ಕೈಯಲ್ಲಿಟ್ಟ. ನಡುವೆ ಕಂದಿದ ಕಲೆ ಇತ್ತು.

"ಇದು ನೇತ್ರಕಣದವರ ಹೊಸ ಚಿಪ್ಪು. ಹೋದ ವರ್ಷದಿಂದ ಇದನ್ನ ಹಾಕಾಕತ್ಯಾರ," ಎಂದ. "ಮುಂಜಾನಿ ಚಲೋ ನಡೀತೈತಿ. ಹನ್ನೊಂದು ಗಂಟಿ ಬಿಸಿಲಿಗೆ ಕಾಯ್ದು ಕುರುಡಾಗತೈತಿ. ಕರಿ ಕಾಳು ಬಿಡತೈತಿ, ಬಿಳಿ ಕಾಳು ಒಗೀತೈತಿ. ಹನ್ನೆರಡು ಗಿರಣಿಯೊಳಗ ಒಂಬತ್ತರಾಗ ಹಿಂಗ ಆಗ್ಯಾದ."

"ಒಂದು ಬೋರ್ಡು ಕೆಟ್ರ ಕಂಪನಿ ಕೆಡತೈತೇನು?" ಎಂದೆ. ನನ್ನ ರೊಕ್ಕವೂ ಅದರಲ್ಲಿತ್ತಲ್ಲ, ಮಾತು ತುಸು ಜೋರಾಗಿಯೇ ಬಂತು.

"ಬೋರ್ಡು ಕೆಡತಾವ, ತಿದ್ದಬಹುದು. ನಾ ಕಾಗದ ಬರದೀನಿ, ಫೋನ್ ಮಾಡೀನಿ. ಅವರಿಗೆ ತಿದ್ದಾಕ ಮನಸ್ಸಿಲ್ಲ. ಈ ಸಣ್ಣ ಚಿಪ್ಪು ಬಿಟ್ಟು ಇನ್ನಮ್ಯಾಗ ದೊಡ್ಡ ಕಂಪ್ಯೂಟರಿನ ಚಿಪ್ಪು ಮಾಡ್ತಾರಂತ, ಎಐಗೆ ಬೇಕಾಗೋವು. ಅದರಾಗ ದುನಿಯಾದ ದೊಡ್ಡ ದೊಡ್ಡವರು ಅದಾರ. ಇವರ ಹತ್ರ ಇನ್ನೂ ಒಂದು ಆರ್ಡರ್ ಇಲ್ಲ, ಬರತಾವ ಬರತಾವ ಅಂತ ಎರಡು ವರ್ಷದಿಂದ ಹೇಳಾಕತ್ಯಾರ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ." ಕಾಳುಗಳನ್ನು ಮತ್ತೆ ಪೊಟ್ಟಣ ಕಟ್ಟುತ್ತ ಹೇಳಿದ, "ನನಗ ದೊಡ್ಡ ಚಿಪ್ಪಿನ ಸಂಗತಿ ತಿಳಿಯಂಗಿಲ್ಲ, ನನ್ನ ಅನುಮಾನ ಸುಳ್ಳಾಗಬಹುದು. ಆದ್ರ ಗೊತ್ತಿದ್ದ ಕೆಲಸ ಕೆಡಿಸಿಕೊಂಡವರು ಗೊತ್ತಿಲ್ಲದ್ದನ್ನ ಹೆಂಗ ಮಾಡ್ತಾರ? ನಾ ಮಾರಾಕತ್ತೀನಿ. ನಿನ್ನ ಹತ್ರ ಇದ್ರ ನೀನೂ ಮಾರು."

"ನನ್ನ ಹತ್ರ ಎಲ್ಲಿಂದ ಬರಬೇಕು," ಎಂದೆ.

ಇಲ್ಲಿ ನನ್ನ ಹಳೇ ಕಸುಬಿನ ಮಾತು ಹೇಳಬೇಕು. ಪಂಪ್ ಅಂಗಡಿ ಹಾಕುವ ಮುಂಚೆ ನಾನು ಆರು ವರ್ಷ ಸಿಂಧನೂರಿನ ಅಡತಿ ಅಂಗಡಿಯೊಂದರಲ್ಲಿ ಭತ್ತದ ವ್ಯಾಪಾರ ಕಲಿತವನು. ಅಲ್ಲಿನ ಮೊದಲ ಪಾಠ: ಮಾಲು ಬೇಕಾದವನೇ ಮಾಲಿಗೆ ಹೆಸರಿಡುತ್ತಾನೆ. ಖರೀದಿದಾರ ಚೀಲದಿಂದ ನಾಲ್ಕು ಕಾಳು ತೆಗೆದು, ಕಡಿದು, ಉಗುಳಿ, "ಹಸಿ ಐತಿ, ಬರೇ ನುಚ್ಚಾಗತೈತಿ" ಎಂದು ಬೈಯತೊಡಗಿದನೆಂದರೆ ಆತ ಲಾಟು ಪೂರ್ತಿ ಎತ್ತುತ್ತಾನೆ ಎಂದೇ ಅರ್ಥ. ಬೇಡವಾದವನು ಬಾಯಿ ತೆಗೆಯದೆ ಮುಂದಿನ ರಾಶಿಗೆ ಹೋಗುತ್ತಾನೆ. ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಬರುವಾಗ ನನಗೆ ಎಲ್ಲ ಹೊಳೆಯಿತು. ಅಮರಗುಂಡಪ್ಪ ಕಾಳು ಕಡಿದು ಉಗುಳುತ್ತಿದ್ದಾನೆ. ಸಾಲದ್ದಕ್ಕೆ ಸುಟ್ಟ ಬೋರ್ಡೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾನೆ. ಎಲ್ಲರ ಕೈಯಿಂದ ಬಿಡಿಸಿ, ದರ ಇಳಿಸಿ, ತಾನೇ ಎತ್ತುವ ಉಪಾಯ. ಅದನ್ನು ನಂಬಿ ಮಾರಲು ನಾನೇನು ಮೂರ್ಖನೇ?

ನನ್ನ ಅಂಗಡಿಯ ಪಕ್ಕದಲ್ಲಿ ಒಂದು ಖೋಲಿ ಖಾಲಿ ಇತ್ತು. ಅಮರೇಶ್ವರಿ ಪಡಸಾಲೆಯಲ್ಲಿ ಕೂತು ಕುಪ್ಪಸ ಹೊಲಿದು ಹೊಲಿದು ಎಂಟು ವರ್ಷದಿಂದ ದುಡ್ಡು ಕೂಡಿಸಿದ್ದು ಆ ಖೋಲಿ ಹಿಡಿಯಲು. ಹೊಲಿಗೆ ಯಂತ್ರ ಎಲ್ಲಿಡಬೇಕು, ಕನ್ನಡಿ ಯಾವ ಗೋಡೆಗೆ ಎಂದು ಅಳತೆ ಕೂಡ ತೆಗೆದುಕೊಂಡು ಬಂದಿದ್ದಳು. ದುಡ್ಡು ನನ್ನ ಖಾತೆಯಲ್ಲಿತ್ತು. ಅದರಲ್ಲಿ ಅರ್ಧ ತೆಗೆದು ನೇತ್ರಕಣಕ್ಕೆ ಹಾಕಿದೆ. ಖೋಲಿಯ ಮಾಲೀಕ ಹುಸೇನಪ್ಪ ಇನ್ನೂ ಆರು ತಿಂಗಳು ತಡೆಯಿರಿ ಎಂದಿದ್ದಾನೆ ಎಂದು ಆಕೆಗೆ ಹೇಳಿದೆ. ಹುಸೇನಪ್ಪ ಹಾಗೆ ಹೇಳಿರಲಿಲ್ಲ.

ಆಗಸ್ಟಿನಲ್ಲಿ ಕಂಪನಿಯ ವಾರ್ಷಿಕ ಸಭೆ. ಶೇರುದಾರರೆಲ್ಲ ಫೋನಿನಲ್ಲೇ ನೋಡಬಹುದು, ಮೊದಲೇ ಹೆಸರು ಕೊಟ್ಟವರು ಪ್ರಶ್ನೆಯನ್ನೂ ಕೇಳಬಹುದು. ನಾನು ಕ್ಯಾಷ್ ಕೌಂಟರಿನ ಕೆಳಗೆ ಫೋನಿಟ್ಟುಕೊಂಡು ನೋಡುತ್ತಿದ್ದೆ. ಯಾರೋ ಕೋಟಿನವರು ಹೊಸ ಚಿಪ್ಪಿನ ಚಿತ್ರ ತೋರಿಸಿ ಹತ್ತು ವರ್ಷದ ಮುನ್ನೋಟ ಹೇಳುತ್ತಿದ್ದರು. ಆಮೇಲೆ ಶೇರುದಾರರ ಸರದಿ ಬಂತು. ನಾಲ್ಕನೆಯವನಾಗಿ ಪರದೆ ಮೇಲೆ ಕಾಣಿಸಿಕೊಂಡವನು ಅಮರಗುಂಡಪ್ಪ. ಹಿಂದೆ ಗಿರಣಿ ಓಡುತ್ತಿತ್ತು, ಹುಬ್ಬಿನ ಮೇಲೆ ತೌಡು.

"ನಿಮ್ಮ ಚಿಪ್ಪು ನಮ್ಮಲ್ಲಿ ಹನ್ನೊಂದು ಗಂಟಿಗೆ ಕುರುಡಾಗತೈತ್ರಿ," ಎಂದು ಕನ್ನಡದಲ್ಲೇ ಶುರು ಮಾಡಿದ. "ನಿಮ್ಮೊಳಗ ಒಬ್ಬರಾದರೂ ಬ್ಯಾಸಿಗಿಯೊಳಗ ಗಿರಣಿಗೆ ಬಂದು ನಿಂತು ನೋಡೀರೇನ್ರಿ? ನಿಮಗ ಅನ್ನ ಕೊಟ್ಟ ಮಾಲು ಬಿಟ್ಟು ಎಲ್ಲಿಗೆ ಹೊಂಟೀರಿ?"

ಕೊಟ್ಟ ಎರಡು ನಿಮಿಷ ಮುಗಿದ ಕೂಡಲೇ ಆತನ ದನಿ ಕತ್ತರಿಸಿದರು. ಸಲಹೆಗೆ ಧನ್ಯವಾದ, ಪರಿಶೀಲಿಸುತ್ತೇವೆ ಎಂದರು.

ಪ್ರಶ್ನೆ ನನ್ನ ತಲೆಗೆ ಹೋಗಲೇ ಇಲ್ಲ. ಶೇರು ಇದ್ದವನಿಗೆ ಮಾತ್ರ ಆ ಪರದೆಗೆ ಬರಲು ಸಾಧ್ಯ. ಮಾರುತ್ತಿದ್ದೇನೆ ಅಂದವನು ಅಲ್ಲಿ ಕೂತಿದ್ದಾನೆ. ಕಳ್ಳ ಸಿಕ್ಕಿಬಿದ್ದ ಎಂದು ತೊಡೆ ತಟ್ಟಿಕೊಂಡೆ, ಬೋಲ್ಟು ಕೊಳ್ಳಲು ಬಂದಿದ್ದ ಗಿರಾಕಿ ಬೆಚ್ಚಿದ. ಅಂದೇ ಸಂಜೆ ಅಮರೇಶ್ವರಿಯ ಉಳಿದ ಅರ್ಧ ದುಡ್ಡನ್ನೂ ಹಾಕಿದೆ.

ದಸರೆ ಹೊತ್ತಿಗೆ ಸಾರ್ಟರ್ ಮಾಡುವವರು ಬೇರೆ ಕಂಪನಿಯ ಚಿಪ್ಪಿಗೆ ಹೋದರು. ದೀಪಾವಳಿಗೆ, ಬರುತ್ತದೆ ಎನ್ನುತ್ತಿದ್ದ ದೊಡ್ಡ ಆರ್ಡರು ಬರುವುದಿಲ್ಲ ಎಂದು ಕಂಪನಿಯೇ ಹೇಳಿತು. ಶೇರಿಗೆ ಕೊಳ್ಳುವವರೇ ಇಲ್ಲದೆ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ನಾನು ಹಾಕಿದ ಹತ್ತು ರೂಪಾಯಿಯಲ್ಲಿ ಒಂದು ಉಳಿದಿತ್ತು. ಪಕ್ಕದ ಖೋಲಿಯನ್ನು ಹುಸೇನಪ್ಪ ಮೊಬೈಲ್ ಅಂಗಡಿಯ ದಾನಿಷ್‌ಗೆ ಕೊಟ್ಟ. ಹೊಸ ಅಂಗಡಿ ಶುರು ಮಾಡಿದ ಪೇಡೆ ಹಿಡಿದು ದಾನಿಷ್ ನಮ್ಮ ಮನೆಗೇ ಬಂದಾಗ ಅಮರೇಶ್ವರಿಗೆ ಹೇಳದೆ ಗತಿಯಿರಲಿಲ್ಲ. ಆಕೆ ಪೇಡೆಯನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿಸಿಕೊಂಡಳು. ಪಡಸಾಲೆಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಕುಪ್ಪಸದ ತೋಳು ಹೊಲಿಯತೊಡಗಿದಳು.

ಸುದ್ದಿ ರೂಪಾಳಿಂದ ಅಮರಗುಂಡಪ್ಪನಿಗೆ ಹೋಯಿತು. ಮರುದಿನವೇ ಗಿರಣಿ ಬಿಟ್ಟು ನನ್ನ ಅಂಗಡಿಗೆ ಬಂದ. ಒಂದು ಬೈಗುಳ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಿನ್ನ ಹತ್ರ ಅದಾವಂತ ಒಂದು ಮಾತು ಹೇಳಿದ್ರ, ಕೈ ಹಿಡದು ಮಾರಿಸ್ತಿದ್ನಲ್ಲೋ ವೀರೇಂದ್ರ," ಎಂದ.

"ನೀ ಮಾರಾಕತ್ತೀನಿ ಅಂದಿ. ಸಭಾದಾಗ ಕುಂತಿದ್ದಿ. ನಾ ನೋಡೀನಿ."

ಆತ ನನ್ನ ಮುಖವನ್ನೇ ನೋಡಿದ. "ಒಂದು ಶೇರು ಇಟ್ಕೊಂಡಿದ್ದೆ. ಒಂದೇ ಒಂದು. ಅದಿಲ್ಲಂದ್ರ ಪ್ರಶ್ನೆ ಕೇಳಾಕ ಬಿಡಂಗಿಲ್ಲಲ್ಲ."

ಖೋಲಿ ಬೇರೆ ಕಡೆ ನೋಡೋಣ, ದುಡ್ಡು ನಾನು ಕೊಡುತ್ತೇನೆ, ಅಮರೇಶ್ವರಿ ನನಗೆ ತಂಗಿಯ ಹಾಗೆ ಎಂದ. ಬೇಡ ಎಂದೆ. ಚಹಾ ಕುಡಿಸದೆಯೇ ಕಳಿಸಿದೆ.

ಈ ವರ್ಷದ ಯುಗಾದಿ ಚೀಲವೂ ಬಂತು. ಗಿರಣಿಯಲ್ಲಿ ಬೇರೆ ಕಂಪನಿಯ ಬೋರ್ಡುಗಳು ಇನ್ನೂ ಕೂತಿರಲಿಲ್ಲವಂತೆ. ಹೋದ ಸಲದ ಹನ್ನೊಂದು ಕಾಳು ಮರೆಯದೆ ಗಂಡ ಹೆಂಡತಿ ಇಬ್ಬರೂ ನಾಲ್ಕು ದಿನ ಮೊರ ಹಿಡಿದು ಕೂತು ಕೈಯಲ್ಲೇ ಆರಿಸಿದ್ದಾರೆಂದು ಅತ್ತೆ ಫೋನಿನಲ್ಲಿ ಹೇಳಿದರು. ಆದರೂ ನಾನು ಕಟ್ಟೆಯ ಮೇಲೆ ಕೂತೆ. ಎರಡು ಮೊರ ನೋಡಿದೆ, ಮೂರನೆಯದನ್ನೂ ನೋಡಿದೆ. ಒಂದೂ ಇರಲಿಲ್ಲ.

ಮಧ್ಯಾಹ್ನ ಅಮರೇಶ್ವರಿ ಅದೇ ಅಕ್ಕಿಯ ಅನ್ನ ಬಡಿಸಿದಳು. ಮಲ್ಲಿಗೆ ಮೊಗ್ಗಿನಂಥ ಅನ್ನ. ಎರಡು ತುತ್ತಿಗೇ ನನ್ನ ಕೈ ನಿಂತಿತು. ಪೇಡೆಯ ದಿನದಿಂದ ಆಕೆ ನನ್ನೊಡನೆ ಉಪ್ಪು, ನೀರು, ಬಾಗಿಲು ಎಂಬಷ್ಟೇ ಮಾತಾಡಿದ್ದಳು. ಈಗ ಸಾರಿನ ಪಾತ್ರೆ ಕೆಳಗಿಟ್ಟು ಎದುರಿಗೆ ಕೂತಳು.

"ಒಂದು ಖರೇ ಹೇಳ್ರಿ," ಎಂದಳು. "ನಿಮಗ ಊಟ ಸೇರವಲ್ದಲ್ಲ, ಅದು ನನ್ನ ರೊಕ್ಕ ಹೋತಂತೋ, ಅಮರಗುಂಡಪ್ಪ ಮಾವನ ರೊಕ್ಕ ಉಳೀತಂತೋ?"

ನಾನು ತಟ್ಟೆಯ ಅನ್ನವನ್ನು ಬೆರಳಿನಿಂದ ಕೆದಕಿ ಕರಿ ಕಾಳು ಹುಡುಕತೊಡಗಿದೆ. ಆಕೆ ಎದ್ದು ಹೊಲಿಗೆ ಯಂತ್ರದ ಕಡೆಗೆ ಹೋದಳು.