ಡೆಲ್ಮರ್ ಊದಿದ ಕೊಳವೆ

ಶೆಬಾಯ್ಗನ್ ಊರಿನಲ್ಲಿ ಡೆಲ್ಮರ್ ವಿಟ್‌ಕೋಪ್‌ನಷ್ಟು ಚೊಕ್ಕಟದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೂವತ್ತನಾಲ್ಕು ವರ್ಷ ಚೀಸ್ ಕಾರ್ಖಾನೆಗಳಲ್ಲಿ ಹಾಲಿನ ಕೊಳವೆಗಳನ್ನು ಬೆಸೆದವನು. ಅವನ ಬೆಸುಗೆಯ ಮೇಲೆ ಬೆರಳಾಡಿಸಿದರೆ ಒಂದು ಕೊಳವೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದಿ ಉಳಿದರೂ ಅಲ್ಲಿ ಹಾಲು ನಿಂತು ಹುಳಿಯಾಗುತ್ತದೆ ಎಂದು ಹೊಸಬರನ್ನು ಬೈದು ಬೈದು ಅವನ ಬಾಯಿ ಸವೆದಿತ್ತು. ಬರಿಗೈಯಲ್ಲಿ ಕೊಳವೆಯ ಬಾಯಿ ಮುಟ್ಟಿದ ಮ್ಯಾನೇಜರನನ್ನೇ ಒಮ್ಮೆ ಬಾಗಿಲಾಚೆ ಕಳಿಸಿದ್ದ. ಮದುವೆಯೂ ಆಗಿತ್ತು, ಉಳಿಯಲಿಲ್ಲ. ತಾನು ಊಟ ಮಾಡುತ್ತಿರುವಾಗಲೇ ಈತ ಮೇಜು ಒರೆಸುತ್ತಾನೆ ಎನ್ನುವುದು ಹೆಂಡತಿಯ ದೂರು. ದೂರು ಸುಳ್ಳೇನೂ ಅಲ್ಲ.

ಅವನಿಗಿದ್ದ ಒಬ್ಬನೇ ಗೆಳೆಯ ನೋರ್ಬರ್ಟ್ ಗ್ರೋಟ್, ಊರಿಗೆಲ್ಲ ನೋರ್ಬ್. ಶಾಲೆಯ ಬಸ್ಸು ಓಡಿಸುತ್ತಿದ್ದ, ಬಾಯಿಬಡುಕ, ಕೊಳಕ. ಹದಿನೈದು ದಿನಕ್ಕೊಂದು ಶನಿವಾರ ನೋರ್ಬನ ಗ್ಯಾರೇಜಿನಲ್ಲಿ ಇಬ್ಬರೂ ಬಿಯರ್ ಕಾಯಿಸುತ್ತಿದ್ದರು. ಏನು ಕಾಯಿಸಬೇಕೆಂದು ಹೇಳುವವನು ನೋರ್ಬ್. ಅವನು ಮುಟ್ಟಿದ್ದನ್ನೆಲ್ಲ ಹಿಂದೆಯೇ ತೊಳೆಯುತ್ತ ಬರುವವನು ಡೆಲ್ಮರ್. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಡೆಲ್ಮರ್‌ನ ಬದುಕಿನಲ್ಲಿ ಸುಖ ಅಂತ ಏನಾದರೂ ಇದ್ದರೆ ಅದು ಆ ಶನಿವಾರಗಳೇ.

ಗ್ಯಾರೇಜಿನ ದಕ್ಷಿಣದ ಗೋಡೆಗೆ ನೋರ್ಬ್ ಹಾಪ್ಸ್ ಬಳ್ಳಿ ಹಬ್ಬಿಸಿದ್ದ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಅದರ ಹಸಿರು ಮೊಗ್ಗು ಬಲಿಯುವುದು ವರ್ಷಕ್ಕೊಮ್ಮೆ, ಆಗಸ್ಟ್ ಕೊನೆಯಲ್ಲಿ. ಕಿತ್ತ ದಿನವೇ ಹಸಿಹಸಿಯಾಗಿ ಹಂಡೆಗೆ ಹಾಕಿದರೆ ಒಂದೇ ಒಂದು ಹಂಡೆ ಬಿಯರಿಗಾಗುವಷ್ಟು ಸಿಗುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಬಳ್ಳಿ ಬಿಯರ್.

ಈ ಬೇಸಿಗೆಯಲ್ಲಿ ನೋರ್ಬನ ಗಂಟಲಿನ ಕ್ಯಾನ್ಸರ್ ಮರಳಿ ಬಂತು. ಸೆಪ್ಟೆಂಬರಿನ ನಾಲ್ಕನೆಯ ಸೋಮವಾರ ಆಪರೇಷನ್. ನಾಲಿಗೆಯ ಬುಡವನ್ನೂ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಆಮೇಲೆ ಮಾತೂ ಇಲ್ಲ, ನುಂಗುವುದೂ ಇಲ್ಲ, ಊಟವೆಲ್ಲ ಹೊಟ್ಟೆಗೆ ಚುಚ್ಚಿದ ನಳಿಗೆಯಲ್ಲಿ.

"ಲೋ ಡೆಲ್," ಅಂದ ನೋರ್ಬ್, ಆಗಲೇ ದನಿ ಗೊಗ್ಗರಾಗಿತ್ತು. "ನನ್ನ ಬಾಯಿಂದ ಒಳಗೆ ಹೋಗೋ ಕೊನೇ ವಸ್ತು ಆಸ್ಪತ್ರೆಯ ಹಸಿರು ಜೆಲ್ಲಿ ಆಗಬಾರದು ಕಣೋ. ಬಳ್ಳಿ ಬಿಯರ್ ಆಗಲಿ. ಮಾಡ್ತೀಯಾ?"

"ಮಾಡದೆ ಏನು? ನೀನು ಕೊಳಕು ಕೈ ಹಾಕದಿದ್ರೆ ಈ ಸಲ ಚೆನ್ನಾಗೇ ಬರುತ್ತೆ."

"ಹಂಡೆ ಎತ್ತೋರು ಯಾರು? ನಿನ್ನ ಸೊಂಟದಲ್ಲೇನಿದೆ?"

ಕಷ್ಟ ಇದ್ದದ್ದೇ ಅಲ್ಲಿ. ಪ್ರತಿ ಸಲ ಕುದಿದು ಆರಿದ ಹಂಡೆಯನ್ನು ಇಬ್ಬರೂ ಎತ್ತಿ, ದೊಡ್ಡ ಜರಡಿಯ ಮೂಲಕ ಗಾಜಿನ ಜಾಡಿಗೆ ಬಗ್ಗಿಸುತ್ತಿದ್ದರು. ಈಗ ಡೆಲ್ಮರ್ ಒಬ್ಬನೇ. ಹಂಡೆಗೆ ತಳದಲ್ಲಿ ನಲ್ಲಿ ಇಡಬೇಕು, ನಲ್ಲಿಯ ಒಳಬಾಯಿಗೆ ಹಾಪ್ಸ್ ತಡೆದು ಕುದಿಸಿದ ಧಾನ್ಯದ ರಸ ಮಾತ್ರ ಬಿಡುವ ಜಾಲರಿ ಕಟ್ಟಬೇಕು. ಇಲ್ಲದಿದ್ದರೆ ಮೊಗ್ಗೆಲ್ಲ ನಲ್ಲಿಗೇ ನುಗ್ಗಿ ಕೂರುತ್ತದೆ.

ಒಂದು ವಾರ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಸಿಂಕಿನ ಕೆಳಗಿರುವ ನೀರಿನ ಕೊಳವೆಗೆ ಮೇಲ್ಗಡೆ ಸ್ಟೀಲ್ ತಂತಿಯ ಹೆಣಿಗೆ ಇರುತ್ತದಲ್ಲ, ಆ ಕೊಳವೆಯೊಂದರ ಎರಡೂ ತುದಿ ಕೊಯ್ದು ಒಳಗಿನ ರಬ್ಬರನ್ನು ಎಳೆದುಹಾಕಿದ. ಹಾವಿನ ಪೊರೆಯಂತೆ ಹೆಣಿಗೆಯಷ್ಟೇ ಉಳಿಯಿತು. ಒಂದು ತುದಿಯನ್ನು ಮಡಿಸಿ ಬಡಿದು, ಇನ್ನೊಂದನ್ನು ನಲ್ಲಿಗೆ ಬಿಗಿದ. ಮೊದಲನೆಯದು ಭಾರಕ್ಕೆ ಚಪ್ಪಟೆಯಾಯಿತು. ಎರಡನೆಯದರೊಳಗೆ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಸೇರಿಸಿದ, ಅದು ನಿಂತಿತು. ಮೂರು ಸಲ ಕುದಿಸಿ ತೊಳೆದು, ನೀರು ತುಂಬಿ ನಲ್ಲಿ ತಿರುಗಿಸಿದರೆ ಧಾರೆ ಧಾರೆಯಾಗಿ ಸುರಿಯಿತು. ನೋರ್ಬನನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದ.

"ನೀರಿನಲ್ಲಿ ಎಲ್ಲಾರೂ ಶೂರರೇ. ಮೊಗ್ಗು ಇಡಿಯಾಗಿ ಹಾಕು," ಅಂದ ನೋರ್ಬ್. "ಅದೇ ತಳದಲ್ಲಿ ಹಾಸಿಕೊಂಡು ಅದೇ ಸೋಸುತ್ತೆ."

"ಗೊತ್ತಪ್ಪ, ಗೊತ್ತು."

ಗೊತ್ತಿತ್ತು, ನಿಜ. ಆದರೆ ಈ ವರ್ಷ ಬಳ್ಳಿಗೆ ಜೀರುಂಡೆ ಬಿದ್ದಿತ್ತು. ಕೀಳುವ ದಿನ ನೋಡಿದರೆ ಅರ್ಧ ಬಕೆಟ್ಟೂ ಆಗಲಿಲ್ಲ. ನೋರ್ಬನನ್ನು ಹೆಂಡತಿ ಲವೊನ್ ಪರೀಕ್ಷೆಗೆಂದು ಮಿಲ್ವಾಕಿಗೆ ಕರೆದುಕೊಂಡು ಹೋಗಿದ್ದಳು. ಗ್ಯಾರೇಜಿನಲ್ಲಿ ಡೆಲ್ಮರ್ ಒಬ್ಬನೇ, ಕೈಯಲ್ಲಿ ಅರ್ಧ ಬಕೆಟ್ಟು ಮೊಗ್ಗು. ಇದರಲ್ಲಿ ಘಮ ಎಲ್ಲಿಂದ ಬರಬೇಕು? ಗೆಳೆಯನ ಕೊನೆಯ ಬಿಯರು ಸಪ್ಪೆಯಾದರೆ? ಒಂದೊಂದೇ ಮೊಗ್ಗನ್ನು ಅಂಗೈಯಲ್ಲಿಟ್ಟು ಹೊಸಕಿ ಹೊಸಕಿ ಹಂಡೆಗೆ ಹಾಕಿದ. ಕೈಗೆ ಹಳದಿ ಹುಡಿ ಮೆತ್ತಿತು, ಗ್ಯಾರೇಜೆಲ್ಲ ಘಮ್ಮೆಂದಿತು, ತಾನೆಷ್ಟು ಬುದ್ಧಿವಂತ ಎಂದುಕೊಂಡ. ಪ್ರೀತಿಯಿಂದಲೇ ಮಾಡಿದ್ದು, ಪಾಪ.

ಒಂದು ಗಂಟೆ ಕುದಿಸಿ, ತಣ್ಣೀರಿನ ಸುರುಳಿ ಇಳಿಸಿ ಆರಿಸಿ, ನಲ್ಲಿ ತಿರುಗಿಸಿದ. ಒಂದು ಲೋಟದಷ್ಟು ಬಂತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ಅದೂ ನಿಂತಿತು. ಹೊಸಕಿದ ಹುಡಿ ಜಾಲರಿಗೆ ಗಾರೆಯಂತೆ ಕೂತಿತ್ತು. ನಲ್ಲಿಯನ್ನು ಬಡಿದ. ಹಂಡೆಯನ್ನು ಅಲುಗಾಡಿಸಿದ. ಎತ್ತಲು ಹೋದ, ಸೊಂಟ ಕಳಕ್ಕೆಂದಿತು. ಆರಿದ ರಸ ಬಾಯ್ತೆರೆದು ಕೂತಷ್ಟು ಹೊತ್ತೂ ಕೆಡುತ್ತದೆಂಬ ಆತಂಕ ಬೇರೆ.

ಆಗ ಅವನು ಜಾಡಿಗೆ ಇಳಿಬಿಡಲೆಂದು ನಲ್ಲಿಗೆ ಸಿಕ್ಕಿಸಿದ್ದ ಕೊಳವೆಯ ತುದಿಯನ್ನು ಬಾಯಿಗಿಟ್ಟುಕೊಂಡು ಜೋರಾಗಿ ಊದಿದ. ಹಂಡೆಯೊಳಗೆ ಗುಳುಗುಳು ಎಂದಿತು. ಇನ್ನೊಮ್ಮೆ ಊದಿದ. ಮೂರನೆಯ ಸಲಕ್ಕೆ ಕಟ್ಟಿದ್ದು ಬಿಟ್ಟಿತು, ಧಾರೆ ಹೊರಟಿತು. ಬಾಯಿ ಒರೆಸಿಕೊಂಡಾಗ ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನ ತಿಂದ ಹಸಿ ಚೀಸಿನ ಚೂರು ನಾಲಿಗೆಗೆ ತಾಗಿತು. ಕುದಿಯುವ ರಸಕ್ಕೆ ಊದಿದ್ದರೆ ಏನೂ ಆಗುತ್ತಿರಲಿಲ್ಲ. ಇದು ತಣ್ಣಗಾಗಿದ್ದ ರಸ. ಹಾಲು ಹುಳಿಯಾಗುವ ಬಗೆಯನ್ನು ಜನ್ಮವಿಡೀ ಪಾಠ ಹೇಳಿದವನು ತನ್ನ ಬಾಯಿಂದಲೇ ಹೆಪ್ಪು ಹಾಕಿದ್ದ.

ಯಾರಿಗೂ ಹೇಳಲಿಲ್ಲ. ಏನೂ ಆಗಲಿಕ್ಕಿಲ್ಲ ಎಂದು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡ. ಬಾಟಲಿಗೆ ತುಂಬುವ ದಿನ ಒಂದು ಗುಟುಕು ಕುಡಿದ. ನಾಲಿಗೆಯ ಅಂಚು ಚುರ್ರೆಂದಿತು. ಮತ್ತೆ ಮಾಡೋಣವೆಂದರೆ ಬಳ್ಳಿಯಲ್ಲಿ ಎಲೆ ಬಿಟ್ಟು ಬೇರೇನೂ ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ, ಭಾನುವಾರ ಮೂರೂವರೆಗೆ, ಆರು ಬಾಟಲಿ ಹಿಡಿದುಕೊಂಡು ನೋರ್ಬನ ಮನೆಗೆ ಹೋದ. ಲವೊನ್ ಬಾಗಿಲಲ್ಲೇ ಹೇಳಿದಳು: "ಡೆಲ್, ಐದಕ್ಕೆ ಕಾರ್ಲಾ ಫೋನ್ ಮಾಡ್ತಾಳೆ, ಹಡಗಿಂದ. ಮಗಳಿಗೆ ರಜೆ ಸಿಗಲಿಲ್ಲ. ಇವನಿಗೆ ದಿನಕ್ಕೆ ಅರ್ಧ ಗಂಟೆ ಮಾತಾಡಿದ್ರೆ ದನಿ ಮುಗಿದೇ ಹೋಗುತ್ತೆ. ಹೆಚ್ಚು ಮಾತಾಡಿಸಬೇಡ, ಆಯ್ತಾ?"

"ಇಲ್ಲಪ್ಪ. ಕೊಟ್ಟು ಹೊರಟುಬಿಡ್ತೀನಿ."

ನೋರ್ಬ್ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಲೋಟಕ್ಕೆ ಸುರಿದಾಗ ಮೂಗು ಹತ್ತಿರ ತಂದ, ಕಣ್ಣು ಮುಚ್ಚಿದ. ಘಮ ಚೆನ್ನಾಗಿಯೇ ಇತ್ತು. ಒಂದು ಗುಟುಕು ಹೀರಿದ. ಹುಳಿ ಹೋಗಿ ಗಂಟಲಿನ ಹುಣ್ಣಿಗೆ ತಾಗಿರಬೇಕು, ಮುಖವೆಲ್ಲ ಕಿವುಚಿ ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಎರಡನೆಯ ಗುಟುಕಿಗೆ ಲೋಟ ಎತ್ತಿದ, ತುಟಿಯವರೆಗೆ ತಂದ, ಆಗಲಿಲ್ಲ. ಕೆಳಗಿಟ್ಟ.

ಕಣ್ಣೊರೆಸಿಕೊಂಡು ಕೇಳಿದ: "ಊದಿದೆಯಾ?"

ಡೆಲ್ಮರ್ ಹೌದೆಂದು ತಲೆಯಾಡಿಸಿದ.

"ಬಾಯಿಂದ?"

"ಮತ್ತೆ ಎಲ್ಲಿಂದ ಊದ್ತಾರೆ?"

ನೋರ್ಬ್‌ಗೆ ನಗು ಬಂತು. ಭುಜ ಕುಲುಕಿಸಿ, ನೋವಿಗೆ ಗಂಟಲು ಹಿಡಿದುಕೊಂಡು ನಕ್ಕ. "ಹಾಲಿನ ಕೊಳವೆ ಡೆಲ್ಮರ್! ನನ್ನ ಕೈಗೆ ಸೋಪು ಹಾಕಿ ಉಜ್ಜಿಸ್ತಿದ್ದೋನು! ಥೂ, ನಿನ್ನ. ಕಟ್ಟಿದ್ದು ಯಾಕೆ? ಮೊಗ್ಗು ಹೊಸಕಿದೆ ತಾನೇ?"

"ಕಡಿಮೆ ಇತ್ತು ಕಣೋ. ಘಮ ಬರಲಿ ಅಂತ..."

"ಘಮ ಬರಲಿ ಅಂತೆ! ಕತ್ತೆ. ಒಂದು ಹಿಡಿ ಭತ್ತದ ಹೊಟ್ಟು ಹಾಕಿದ್ರೆ ಬಿಟ್ಟುಕೊಳ್ತಿತ್ತು. ಅಂಗಡೀಲಿ ಸಿಗಲ್ವಾ? ಇಲ್ಲಾ, ಜಾಲರಿ ಅಷ್ಟು ಗಿಡ್ಡ ಯಾಕೆ ಮಾಡಿದೆ? ಹಂಡೆ ಸುತ್ತ ಬಳೆ ಥರ ಬಗ್ಗಿಸಬೇಕಿತ್ತು."

ಎಷ್ಟೋ ವಾರಗಳ ಮೇಲೆ ಹಳೆಯ ನೋರ್ಬ್ ಎದುರಿಗಿದ್ದ. ಬೈಸಿಕೊಳ್ಳುವುದು ಡೆಲ್ಮರ್‌ಗೆ ಹಾಯೆನಿಸಿತು. ಹಾಗಾಗಿ, ಗೊತ್ತಿದ್ದದ್ದನ್ನೂ ಗೊತ್ತಿಲ್ಲದವನಂತೆ ಕೇಳಿದ. ಬಳೆಯ ತುದಿ ಎಲ್ಲಿ ಕೂಡಿಸಬೇಕು? ತಾಮ್ರದ ಕೊಳವೆಗೆ ಗರಗಸದಲ್ಲಿ ಸೀಳು ಹಾಕಿದರೆ? ಸೀಳು ಮೇಲಿರಬೇಕೋ ಕೆಳಗೋ? ನೋರ್ಬ್ ಕಂಬಳಿ ಸರಿಸಿ, ಕೈ ಬೀಸಿ, ಒಂದೊಂದಕ್ಕೂ ಉತ್ತರ ಕೊಟ್ಟ. ಮುಂದಿನ ಆಗಸ್ಟಿನ ಮಾತಾಡಿದ. ಲವೊನ್ ಒಮ್ಮೆ ಬಾಗಿಲಿಗೆ ಬಂದು, "ನೋರ್ಬ್, ಸಾಕು ಕಣೋ," ಅಂದಳು. ನೋರ್ಬ್ ಕೈಯಾಡಿಸಿದ. ಅವಳು ಡೆಲ್ಮರ್‌ನ ಮುಖ ನೋಡಿದಳು. ಡೆಲ್ಮರ್ ಅದನ್ನು ಕಂಡೂ ಕಾಣದವನಂತೆ ಇನ್ನೊಂದು ಪ್ರಶ್ನೆ ಕೇಳಿದ.

ನಾಲ್ಕೂಮುಕ್ಕಾಲರ ಹೊತ್ತಿಗೆ ಒಂದು ಮಾತಿನ ನಡುವೆ ದನಿ ಕೈಕೊಟ್ಟಿತು. ಬಾಯಿ ಆಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಲವೊನ್ ಐಸ್ ನೀರು ತಂದಳು, ಜೇನು ತಂದಳು. ಬರಲಿಲ್ಲ.

ಐದಕ್ಕೆ ಸರಿಯಾಗಿ ಫೋನ್ ಬಂತು. ಲವೊನ್ ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದಳು.

"ಅಪ್ಪಾ? ನಾನು ಕಾರ್ಲಾ. ಹತ್ತೇ ನಿಮಿಷ ಕೊಟ್ಟಿದ್ದಾರೆ. ಅಪ್ಪಾ, ಕೇಳಿಸ್ತಿದ್ಯಾ?"

ನೋರ್ಬ್ ಪ್ರಯತ್ನಪಟ್ಟ. ಕತ್ತಿನ ನರಗಳೆಲ್ಲ ಉಬ್ಬಿದವು.

"ಅಪ್ಪ ಕೇಳ್ತಿದ್ದಾರೆ, ನೀನು ಮಾತಾಡಮ್ಮ," ಅಂದಳು ಲವೊನ್. "ಇವತ್ತು ದನಿ ಇಲ್ಲ."

"ಇಲ್ಲ ಅಂದ್ರೆ? ಬೆಳಿಗ್ಗೆ ಚೆನ್ನಾಗಿದೆ ಅಂತ ಮೆಸೇಜ್ ಹಾಕಿದ್ದೆಯಲ್ಲಮ್ಮ?"

ಲವೊನ್ ಫೋನನ್ನು ಗಂಡನಿಗೆ ಇನ್ನಷ್ಟು ಹತ್ತಿರ ಹಿಡಿದಳು. ಡೆಲ್ಮರ್ ಎದ್ದು ನಿಂತಿದ್ದ, ಹೋಗುವುದಕ್ಕೂ ಆಗದೆ, ಕೂರುವುದಕ್ಕೂ ಆಗದೆ. ಹುಡುಗಿ ಹಡಗಿನ ಅಡುಗೆಮನೆಯ ಸುದ್ದಿ ಹೇಳಿದಳು, ಅಲಾಸ್ಕಾದ ಚಳಿಯ ಸುದ್ದಿ ಹೇಳಿದಳು, ಆಮೇಲೆ ಅಳು ತಡೆಯಲಾಗಲಿಲ್ಲ.

"ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕರಿ ಅಪ್ಪಾ. ನಾಳೆಯಿಂದ ಆಗಲ್ವಲ್ಲ. ಮೆಲ್ಲಗಾದ್ರೂ ಸರಿ."

ನೋರ್ಬನ ತುಟಿ ಆ ಹೆಸರನ್ನು ಆಡಿತು. ಮತ್ತೆ ಆಡಿತು, ಮತ್ತೆ. ಡೆಲ್ಮರ್‌ಗೆ ಅದು ಸ್ಪಷ್ಟವಾಗಿ ಕಂಡಿತು, ಲವೊನ್‌ಗೂ ಕಂಡಿತು. ಕಾರ್ಲಾ ಆ ಕಡೆಯಿಂದ "ಅಪ್ಪಾ? ಅಪ್ಪಾ?" ಎನ್ನುತ್ತಲೇ ಇದ್ದಳು, ಹತ್ತು ನಿಮಿಷ ಮುಗಿದು ಲೈನ್ ಕಡಿಯುವವರೆಗೂ.